167ನೇ ವರದಿ ಮತ್ತು ಕ್ಯಾಸನೂರಿನ ಮಂಗಗಳು

ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರ ಏಪ್ರಿಲ್‌ನಲ್ಲಿ ತನ್ನ 167ನೇ ವರದಿಯನ್ನು ಸದನದ ಮುಂದಿಟ್ಟಿತು. ಭಾರತದ ಸಂಶೋಧನಾ ಯೋಜನೆಗಳಲ್ಲಿ ವಿದೇಶಿಯರ ಪಾಲು ಎಷ್ಟು, ಅದರಿಂದ ಲಾಭ ಯಾರಿಗೆ ಎಂಬುದು ವರದಿಯ ವಿಷಯ. ಅಧ್ಯಕ್ಷರು ಜ್ಯೋತಿರ್ಮಯ್ ಬಸು. ಸಮಿತಿ ಕೇಳಿದ ಪ್ರಶ್ನೆ, ಇಲಾಖೆ ಕೊಟ್ಟ ಉತ್ತರ, ಆಮೇಲೆ ಸಮಿತಿಯ ಅಭಿಪ್ರಾಯ, ಹೀಗೆ ಸಾಗುತ್ತದೆ ಬರವಣಿಗೆ. ಸೊಳ್ಳೆ, ವಲಸೆ ಹಕ್ಕಿ, ಔಷಧಿ ಸಿಂಪಡಣೆಯಂಥ ಸಾಧಾರಣ ಸಂಗತಿಗಳ ಬೆನ್ನಿಗೆ ಜೈವಿಕ ಯುದ್ಧದ ಭಯ ಪುಟಪುಟದಲ್ಲೂ ನಿಂತಿದೆ.

ನಾನು ಈ ವರದಿಯನ್ನು ಹುಡುಕಿ ಹೊರಟದ್ದು ತೆಂಗಿನ ಕಾರಣಕ್ಕೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ಹಂದನಕೆರೆ ಹೋಬಳಿಯಲ್ಲಿ ನುಸಿ ಕಾಟ ಕಂಡವರಿಗೆಲ್ಲ ಒಂದು ಗುಮಾನಿ ಉಳಿದಿದೆ. ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಆರಿಸುತ್ತಿದ್ದ ಹಿರಿಯರೊಬ್ಬರು ಅದನ್ನು ಬಾಯಿಬಿಟ್ಟು ಹೇಳಿದರು: "ಈ ನುಸಿ ತಾನಾಗಿ ಬಂದಿದ್ದಲ್ಲ ಕಣಪ್ಪ, ಯಾರೋ ಬಿಟ್ಟಿದ್ದು. ಮಲ್ನಾಡಿಗೆ ಮಂಗನ ಕಾಯಿಲೆ ಬಿಡ್ಲಿಲ್ವ, ಹಂಗೇ."

"ಎಲ್ಲಾದ್ರೂ ಬರ್ದಿಟ್ಟಿದಾರಾ ದೊಡ್ಡಪ್ಪ?"

"ಅಂಥದ್ನ ಬರ್ದಿಡ್ತಾರೇನಪ್ಪ? ನೀನು ಓದಿದೋನು, ಹುಡುಕು."

ಬರೆದಿಟ್ಟಿದ್ದರು. ಆದರೆ ಒಂದೇ ಕಡೆ ಅಲ್ಲ, ಒಂದೇ ಅರ್ಥದಲ್ಲೂ ಅಲ್ಲ.

ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ಇರುವುದು ಮಲೆನಾಡಿನ ಸೊರಬ ತಾಲ್ಲೂಕಿನಲ್ಲಿ. 1957ರ ಬೇಸಿಗೆಗೆ ಮುಂಚೆ ಅಲ್ಲಿನ ಕಾಡಿನಲ್ಲಿ ಮುಸುವಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳತೊಡಗಿದವು. ಸೊಪ್ಪು ಸೌದೆಗೆ ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರರಾವ್ ಮೊದಲಾದವರು ಬಂದರು. ಈ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ತೆರೆದಿದ್ದವು. ಮಂಗ ಸಾಯುವುದನ್ನು ಕೇಳಿ, ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಬಂತೇನೋ ಎಂದು ಅವರು ಬೆದರಿದ್ದರು. ಸಿಕ್ಕಿದ್ದು ಬೇರೆಯೇ ವೈರಾಣು. ಅದರ ಹತ್ತಿರದ ಬಂಧು ಇದ್ದದ್ದು ರಷ್ಯದ ಕಾಡುಗಳಲ್ಲಿ, ಉಣುಗು ಕಚ್ಚಿ ಬರುವ ಮಿದುಳುಜ್ವರದ ವೈರಾಣು.

ಸೈಬೀರಿಯದ ನಂಟು ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನಿಂದ ಇರಬಹುದೆಂದು ವಿಜ್ಞಾನಿಗಳು ಊಹಿಸಿದರು. ಈ ಊಹೆಯೇ ಮುಂದೆ ಸಂಶಯಕ್ಕೆ ಬೀಜವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಬಲೆಗೆ ಕೆಡವಿ, ಕಾಲಿಗೆ ಸಂಖ್ಯೆಯ ಬಳೆ ತೊಡಿಸಿ ಹಾರಿಬಿಡತೊಡಗಿತು. 1960ರ ದಶಕದಲ್ಲಿ ಇದೇ ಕೆಲಸಕ್ಕೆ ಅಮೆರಿಕ ಸೇನೆಯ ವಲಸೆ ಪ್ರಾಣಿಗಳ ರೋಗ ಸಮೀಕ್ಷೆಯಿಂದ ಹಣ ಬಂತು. ಅತ್ತ 1969ರಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಯ ಪೆಸಿಫಿಕ್ ಕಡಲಹಕ್ಕಿ ಸಮೀಕ್ಷೆಗೆ ಹಣ ಕೊಟ್ಟದ್ದು ಜೈವಿಕ ಅಸ್ತ್ರಗಳ ಕೇಂದ್ರವಾದ ಫೋರ್ಟ್ ಡೆಟ್ರಿಕ್ ಎಂಬುದು ಬಯಲಾಯಿತು. ಅದೇ ವರ್ಷ ನವೆಂಬರ್ 25ರಂದು ಅಧ್ಯಕ್ಷ ನಿಕ್ಸನ್ ಅಮೆರಿಕದ ಜೈವಿಕ ಅಸ್ತ್ರ ಕಾರ್ಯಕ್ರಮವನ್ನು ನಿಲ್ಲಿಸಿದರು. ಅಂಥ ಕಾರ್ಯಕ್ರಮ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1974ರಲ್ಲಿ ಪಿಟಿಐ ಸುದ್ದಿಸಂಸ್ಥೆಯ ವಿಜ್ಞಾನ ವರದಿಗಾರ ಕೆ.ಎಸ್. ಜಯರಾಮನ್ ಈ ಯೋಜನೆಗಳನ್ನು ಬೆಳಕಿಗೆ ತಂದರು. ದೆಹಲಿಯ ಸೊಳ್ಳೆ ನಿಯಂತ್ರಣ ಘಟಕವೂ ಅವುಗಳಲ್ಲಿ ಒಂದು. ಹಳದಿ ಜ್ವರ ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆಯ ಮೇಲೆ ಅಮೆರಿಕದ ಹಣದಲ್ಲಿ ಇಷ್ಟು ಆಸಕ್ತಿ ಏಕೆ ಎಂದು ಸಂಸತ್ತು ಕೇಳಿತು. ಸೋನಿಪತ್‌ನಲ್ಲಿ ಆಗಬೇಕಿದ್ದ ಪ್ರಯೋಗ ನಿಂತು, 1975ರಲ್ಲಿ ಘಟಕವೇ ಮುಚ್ಚಿತು. ನಮ್ಮ ನೆಲದಲ್ಲಿ ಕಲೆಹಾಕಿದ ಮಾಹಿತಿ ನಮಗಿಂತ ಹೆಚ್ಚಾಗಿ ಹೊರಗಿನವರ ಸೇನೆಗೆ ಪ್ರಯೋಜನ ಎಂಬುದು 167ನೇ ವರದಿಯ ಮುಖ್ಯ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪ. ಆದರೆ ಮಾಹಿತಿ ಸಂಗ್ರಹ ಒಂದು ಆರೋಪ, ರೋಗ ತಂದು ಬಿಟ್ಟರು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಂಸತ್ತಿನ ಕಡತದಲ್ಲಿ ಸಿಗುವಂಥದ್ದಲ್ಲ. ವೈದ್ಯಕೀಯ ಪತ್ರಿಕೆಗಳನ್ನು ತೆರೆಯಬೇಕಾಯಿತು.

ಅಲ್ಲಿ ನನಗೆ ದೊಡ್ಡ ಸುಳಿವು ಸಿಕ್ಕಿದ್ದು ಕ್ಯಾಸನೂರಿಗಿಂತ ಹಳೆಯದೊಂದು ಲೇಖನದಲ್ಲಿ. ಸ್ಮಿತ್‌ಬರ್ನ್, ಕೆರ್, ಗಟ್ನೆ ಎಂಬ ಮೂವರು ಭಾರತದ ನಾನಾ ಕಡೆಯ ಜನರ ರಕ್ತ ಪರೀಕ್ಷಿಸಿ 1954ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಇದೇ ರಷ್ಯನ್ ವೈರಾಣು ಬಳಗದ ವಿರುದ್ಧ ದೇಹ ಬೆಳೆಸಿಕೊಂಡ ಪ್ರತಿಕಾಯಗಳು ಸೌರಾಷ್ಟ್ರದ ಕಡೆಯ ಜನರಲ್ಲಿ ಕಂಡಿದ್ದವು. ಅಂದರೆ ಕ್ಯಾಸನೂರಿನ ಮಂಗ ಬೀಳುವ ಮೊದಲೇ ಈ ಬಳಗದ ವೈರಾಣು ದೇಶದಲ್ಲಿ ತಿರುಗಾಡಿತ್ತು. 2011ರಲ್ಲಿ ವೈರಾಣುವಿನ ಪೂರ್ಣ ಜೀನೋಮ್ ಓದಿದ ವಿಜ್ಞಾನಿಗಳು, ಸೌದಿ ಅರೇಬಿಯದ ಅಲ್ಖುರ್ಮಾ ವೈರಾಣುವಿನಿಂದ ಇದು ಕವಲೊಡೆದು ಸುಮಾರು 700 ವರ್ಷವಾಗಿದೆ ಎಂದು ಅಂದಾಜಿಸಿದರು. ಪುಣೆಯ ಪ್ರಯೋಗಾಲಯಕ್ಕಿಂತ, ಅಮೆರಿಕ ಎಂಬ ದೇಶಕ್ಕಿಂತ ಹಳೆಯ ವಂಶ ಇದರದು.

ಹಾಗಾದರೆ 1957ರಲ್ಲೇ ಏಕೆ ಎದ್ದಿತು? ಕೊಲಂಬಿಯದ ಹೋರ್ಹೆ ಬೊಶೆಲ್ ಮಲೆನಾಡಿನಲ್ಲಿ ಕೆಲಸ ಮಾಡಿ 1969ರಲ್ಲಿ ಇದಕ್ಕೆ ಉತ್ತರ ಬರೆದರು. ಕಾಡು ಕಡಿದು ಗದ್ದೆ ಮಾಡಿದರು, ದನ ಕಾಡಂಚಿಗೆ ಮೇಯಲು ಹೋಯಿತು. ಬೆಳೆದ ಉಣುಗಿಗೆ ದನದ ರಕ್ತ ಹೇರಳವಾಗಿ ಸಿಕ್ಕಿತು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಉದುರಿ ತರಗೆಲೆಯಲ್ಲಿ ಮೊಟ್ಟೆಯಿಟ್ಟಿತು. ಮರಿಗಳು ಇಲಿ, ಹಕ್ಕಿ, ಮಂಗ ಹತ್ತಿದವು. ಸೋಂಕು ತಗುಲಿದ ಮಂಗ ಸತ್ತರೆ ಅದರ ಮೈ ತಣ್ಣಗಾಗುತ್ತಲೇ ಉಣುಗುಗಳು ಇಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಡಿಸೆಂಬರಿನಿಂದ ಮೇ ತನಕ, ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ ಉಣುಗು ಅಲ್ಲಿ ಓಡಾಡುವವರ ಕಾಲಿಗೆ ಹತ್ತುತ್ತದೆ. ಇಷ್ಟೆಲ್ಲ ನಡೆಯಲು ಯಾವ ಬೇಹುಗಾರನೂ ಬೇಕಿಲ್ಲ, ಕೊಡಲಿ ಸಾಕು.

ನುಸಿಯ ಕಥೆಯನ್ನೂ ಇದೇ ರೀತಿ ದಾಖಲೆಯಲ್ಲಿ ಹಿಂಬಾಲಿಸಿದೆ. ತೊಟ್ಟಿನಡಿ ಕೂತು ಹರಳಿನ ರಸ ಹೀರಿ, ಕಾಯಿಯ ಮೇಲೆ ಕಂದು ಗಾಯ ಬಿಡುವ ಈ ಜೀವಿಯನ್ನು ಮೆಕ್ಸಿಕೋದ ಗೆರೆರೊದಿಂದ 1965ರಲ್ಲಿ ವಿವರಿಸಿದ್ದರು. ಆಫ್ರಿಕಾ ದಾಟಿ, ಶ್ರೀಲಂಕಾ ಮುಟ್ಟಿ, 1998ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಕಂಡಿತು. ಅಲ್ಲಿಂದ ನಮ್ಮ ತೋಟಕ್ಕೆ ಬರಲು ಗಾಳಿ ಮತ್ತು ಸಾಗಣೆಯ ಕಾಯಿ ಸಾಕಾಯಿತು. 2005ರಲ್ಲಿ ಡೆನಿಸ್ ನವಿಯಾ ತಂಡ ಡಿಎನ್‌ಎ ಹೋಲಿಸಿ ನೋಡಿದಾಗ, ಅಮೆರಿಕ ಖಂಡಗಳಲ್ಲಿ ಹಲವು ಬಗೆಯ ತಳಿಗುರುತು ಸಿಕ್ಕಿದರೆ ಆಫ್ರಿಕಾ, ಏಷ್ಯಾಗಳಲ್ಲಿ ಒಂದೇ ಒಂದು. ಎಲ್ಲೋ ನುಸುಳಿದ ಒಂದು ಎಳೆ ವ್ಯಾಪಾರದ ದಾರಿಯಲ್ಲಿ ಖಂಡ ದಾಟಿದಾಗ ಕಾಣುವ ಗುರುತು ಇದೇ. ತಡೆಯಬೇಕಿದ್ದುದು ಬಂದರಿನ ತಪಾಸಣೆ.

ಇಷ್ಟು ಓದಿದ ಮೇಲೆ ನನ್ನ ಸಿಟ್ಟು ದಿಕ್ಕು ಬದಲಿಸಿತು. ಅಮೆರಿಕ ಸೇನೆಯ ಹಣ ಬಂದದ್ದು ನಿಜ, ಅದನ್ನು ಪ್ರಶ್ನಿಸಿದ ಪತ್ರಕರ್ತರಿಗೂ ಸಮಿತಿಗೂ ನಾವು ಋಣಿಗಳು. ಇವತ್ತಿಗೂ ಹೊರಗಿನ ಹಣದ ಆರೋಗ್ಯ ಸಂಶೋಧನೆಯ ಕರಾರು ಮತ್ತು ಫಲಿತಾಂಶ ಜನರ ಭಾಷೆಯಲ್ಲಿ ಜನರಿಗೆ ಸಿಗಬೇಕು. ಆದರೆ ಕಾಯಿಲೆ ಬಿಟ್ಟವನನ್ನು ಹೊರಗೆ ಹುಡುಕುತ್ತಿದ್ದಷ್ಟು ಕಾಲ ಒಳಗಿನ ಹೊಣೆಗಾರರನ್ನು ಯಾರೂ ಕೇಳಲಿಲ್ಲ. ಮಂಗನ ಕಾಯಿಲೆಯ ಹಳೆಯ ಲಸಿಕೆ ಎರಡು ಡೋಸ್ ಪಡೆದವರಲ್ಲೂ ಸುಮಾರು ಶೇಕಡ 62ರಷ್ಟು ಮಾತ್ರ ರಕ್ಷಣೆ ಕೊಡುತ್ತದೆ ಎಂದು 2013ರಲ್ಲೇ ಅಧ್ಯಯನ ತೋರಿಸಿತ್ತು. ಆಮೇಲೆ ಅದನ್ನು ಕೈಬಿಟ್ಟರು, ಹೊಸದರ ಕೆಲಸ ಇನ್ನೂ ನಡೆದಿದೆ. ರೋಗವೋ ಸೊರಬ ಬಿಟ್ಟು ಬಂಡೀಪುರ, ವಯನಾಡು, ಗೋವಾ ತಲುಪಿತು. 1957ರಿಂದ ಇಷ್ಟು ವರ್ಷ ತಡವಾದದ್ದು ಏಕೆ, ಕಾಡಂಚಿನ ಕೂಲಿಯವರ ಜೀವ ಇಷ್ಟು ಅಗ್ಗವಾದದ್ದು ಹೇಗೆ ಎಂದು ಕೇಳುವ ಇನ್ನೊಂದು ವರದಿ ಸದನದ ಮುಂದೆ ಬರಬೇಕು. ಅದಕ್ಕೆ ಬೇಕಾದ ಕಡತಗಳು ಬೆಂಗಳೂರು, ದೆಹಲಿಗಳಲ್ಲೇ ಇವೆ.