ಮೀಸೆ ಬಾಸ್‌ನ ಇನ್ನೊಂದು ಕೆಲಸ

'ಗೋಲ್‌ಮಾಲ್' ಸಿನಿಮಾ ಗೊತ್ತಲ್ಲ? ಕಾರುಗಳು ಗಾಳಿಯಲ್ಲಿ ಹಾರುವ ಹೊಸದಲ್ಲ, ಹೃಷಿಕೇಶ್ ಮುಖರ್ಜಿಯವರ 1979ರದ್ದು. ಮೀಸೆ ಇಲ್ಲದವನಿಗೆ ನಡತೆಯೂ ಇರಲ್ಲ ಅಂತ ನಂಬಿದ ಬಾಸ್ ಭವಾನಿಶಂಕರ್ ಆಗಿ ನಮ್ಮನ್ನೆಲ್ಲ ನಗಿಸಿದವರು ಉತ್ಪಲ್ ದತ್. ಅದಕ್ಕೆ ಹದಿನಾಲ್ಕು ವರ್ಷ ಮುಂಚೆ ಇದೇ ಮನುಷ್ಯ ಕಲ್ಕತ್ತೆಯಲ್ಲಿ, ವಿಚಾರಣೆಯೇ ಇಲ್ಲದೆ, ತಿಂಗಳುಗಟ್ಟಲೆ ಜೈಲಿನಲ್ಲಿದ್ದರು.

1929ರಲ್ಲಿ ಹುಟ್ಟಿದ ದತ್, ಸೇಂಟ್ ಝೇವಿಯರ್ಸ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. ಶಶಿ ಕಪೂರ್ ಅವರ ಮಾವ ಜೆಫ್ರಿ ಕೆಂಡಲ್‌ರ ತಂಡದ ಜೊತೆ ಊರೂರು ಸುತ್ತಿ ಶೇಕ್ಸ್‌ಪಿಯರ್ ಆಡಿದರು. ಆದರೆ ಇಂಗ್ಲಿಷ್ ನಾಟಕ ನೋಡೋಕೆ ಬರುವವರು ಎಷ್ಟು ಜನ? ಅವರ ಲಿಟ್ಲ್ ಥಿಯೇಟರ್ ಗ್ರೂಪ್ ಬಂಗಾಳಿಗೆ ಹೊರಳಿತು, 1959ರಲ್ಲಿ ಮಿನರ್ವಾ ಥಿಯೇಟರನ್ನೇ ಲೀಸ್‌ಗೆ ತಗೊಂಡಿತು.

ಅಲ್ಲಿ ಮೊದಲು ಹೆಸರು ಮಾಡಿದ್ದು 'ಅಂಗಾರ್'. ಕಲ್ಲಿದ್ದಲು ಗಣಿಗೆ ಬೆಂಕಿ ಬಿದ್ದಾಗ, ಗಣಿ ಉಳಿಸಿಕೊಳ್ಳೋಕೆ ಮಾಲೀಕರು ಒಳಗೆ ನೀರು ಬಿಡಿಸುತ್ತಾರೆ, ಕೆಳಗೆ ಸಿಕ್ಕಿಕೊಂಡ ಕಾರ್ಮಿಕರು ಮುಳುಗುತ್ತಾರೆ. ಸಂಗೀತ ರವಿಶಂಕರ್ ಅವರದು. ರಂಗದ ಮೇಲೆ ಏರುವ ಆ ನೀರನ್ನು ತಾಪಸ್ ಸೇನ್ ಬರೀ ಬೆಳಕಿನಲ್ಲೇ ತೋರಿಸಿಬಿಟ್ಟರು!

ಗಲಾಟೆಯಾಗಿದ್ದು 1965ರ 'ಕಲ್ಲೋಲ್'ಗೆ. ವಸ್ತು, 1946ರ ಫೆಬ್ರವರಿಯಲ್ಲಿ ನೌಕಾಪಡೆಯ ಹುಡುಗರು ಬ್ರಿಟಿಷರ ವಿರುದ್ಧ ಎದ್ದ ಬಂಡಾಯ. ಆಗ ಶರಣಾಗಿ ಎಂದು ನಾವಿಕರನ್ನು ಒಪ್ಪಿಸಿದ್ದು ಕಾಂಗ್ರೆಸ್ ನಾಯಕರು. ಅದನ್ನು ರಂಗದ ಮೇಲೆ ಎತ್ತಿ ಆಡಿದಾಗ ಬಂಗಾಳದಲ್ಲಿದ್ದುದೂ ಕಾಂಗ್ರೆಸ್ ಸರ್ಕಾರವೇ. ದೊಡ್ಡ ಪತ್ರಿಕೆಗಳು ನಾಟಕದ ಜಾಹೀರಾತು ಹಾಕಲ್ಲ ಅಂದವು. ಸೆಪ್ಟೆಂಬರಿನಲ್ಲಿ ದತ್ ಅರೆಸ್ಟ್ ಆದರು. ಸರ್ಕಾರಿ ಕಾಗದದಲ್ಲಿ ಕಾರಣ ಏನೇ ಬರೆದಿರಲಿ, ಸಿಟ್ಟು ಯಾವುದರ ಮೇಲೆ ಅಂತ ಊರಿಗೆ ಗೊತ್ತಿತ್ತು. 'ಕಲ್ಲೋಲ್ ನಡೀತಿದೆ, ನಡೆಯುತ್ತೆ' ಅಂತ ಗೋಡೆಗಳ ಮೇಲೆ ಪೋಸ್ಟರ್ ಬಿದ್ದವು. ನಾಟಕಕಾರ ಜೈಲಿನಲ್ಲಿದ್ದರೂ ಮಿನರ್ವಾದಲ್ಲಿ ಟಿಕೆಟ್ ಖರ್ಚಾಗುತ್ತಲೇ ಇತ್ತು.

ಆಮೇಲೆ ಅವರು ಜಾತ್ರಾಗೂ ಬರೆದರು. ಇದು ನಮ್ಮ ತೇರಿನ ಜಾತ್ರೆಯಲ್ಲ, ಬಯಲಿನಲ್ಲಿ ಸಾವಿರಾರು ಜನ ಕೂತು ನೋಡುವ ಬಂಗಾಳದ ಆಟ. ಸಿನಿಮಾದಲ್ಲಿ ಮೃಣಾಲ್ ಸೇನ್‌ರ 'ಭುವನ್ ಶೋಮ್' (1969) ರಾಷ್ಟ್ರಪ್ರಶಸ್ತಿ ತಂದಿತು. ಆದರೆ ಮುಂಬೈಯ ಎಷ್ಟೋ ಪಾತ್ರಗಳನ್ನು ಅವರು ಒಪ್ಪಿದ್ದು ದುಡ್ಡಿಗೆ, ಆ ದುಡ್ಡು ನಾಟಕಕ್ಕೆ. ಡೇ ಜಾಬ್ ಅಂತೀವಲ್ಲ, ಹಾಗೆ. ಹಾಗಂತ ಕೈತೊಳೆದುಕೊಳ್ಳುವ ನಟನೆ ಮಾತ್ರ ಮಾಡಲಿಲ್ಲ. ಭವಾನಿಶಂಕರನ ಕಣ್ಣುಗಳನ್ನೇ ನೋಡಿ.

ಹಿಂದಿಯಲ್ಲೇ ನಿಲ್ಲಬೇಡಿ ಅನ್ನೋದು ನನ್ನ ಶಿಫಾರಸು. ಸತ್ಯಜಿತ್ ರೇ ಅವರ 'ಹೀರಕ್ ರಾಜಾರ್ ದೇಶೇ' (1980) ನೋಡಿ. ದತ್ ಅಲ್ಲಿ ಶಾಲೆ ಮುಚ್ಚಿಸಿ, ಎದುರಾಡುವವರ ತಲೆಗೆ ಯಂತ್ರದಿಂದ ತನ್ನ ಹೊಗಳಿಕೆ ತುಂಬಿಸುವ ರಾಜ. ಕೊನೆಗೆ ಅದೇ ಯಂತ್ರ ಅವನ ತಲೆಗೂ ಕೈ ಹಾಕುತ್ತದೆ. ಜನ ಹಗ್ಗ ಕಟ್ಟಿ ಅವನ ಪ್ರತಿಮೆಯನ್ನು ಎಳೆಯುವಾಗ, ರಾಜನೂ ಓಡಿಬಂದು ಹಗ್ಗಕ್ಕೆ ಕೈ ಜೋಡಿಸುತ್ತಾನೆ.