ಯೂಟಾದ ಮೈಟಿ ಫೈವ್ ಮೋಟಾರ್‌ಹೋಮ್ ಪ್ರವಾಸ

ಮೈಟಿ ಫೈವ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಯೂಟಾ ರಾಜ್ಯದ ದಕ್ಷಿಣ ಭಾಗದಲ್ಲಿರುವ ಝಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ಐದು ರಾಷ್ಟ್ರೀಯ ಉದ್ಯಾನಗಳಿಗೆ ಒಟ್ಟಾಗಿ ಬಳಸುವ ಹೆಸರಾಗಿದೆ. ಯೂಟಾ ರಾಜ್ಯದ ಪ್ರವಾಸೋದ್ಯಮ ಕಚೇರಿಯು 2013ರಲ್ಲಿ ನಡೆಸಿದ ಪ್ರಚಾರದಿಂದ ಈ ಹೆಸರು ರೂಢಿಗೆ ಬಂದಿತು. ಐದೂ ಉದ್ಯಾನಗಳನ್ನು ಒಂದೇ ರಸ್ತೆ ಪ್ರವಾಸದಲ್ಲಿ ನೋಡಬಹುದಾದ್ದರಿಂದ ಈ ಮಾರ್ಗವು ಆರ್‌ವಿ ಅಥವಾ ಮೋಟಾರ್‌ಹೋಮ್ ಎಂದು ಕರೆಯಲಾಗುವ ವಸತಿ ವಾಹನಗಳ ಪ್ರವಾಸಿಗರಲ್ಲಿ ಬಹಳ ಜನಪ್ರಿಯವಾಗಿದೆ. ಚಾರಣ, ಕಮರಿ ಇಳಿಯುವಿಕೆ, ರಾಫ್ಟಿಂಗ್, ಬೆಟ್ಟದ ಸೈಕಲ್ ಸವಾರಿ ಮತ್ತು ನಕ್ಷತ್ರ ವೀಕ್ಷಣೆ ಈ ಪ್ರವಾಸದ ಮುಖ್ಯ ಚಟುವಟಿಕೆಗಳಾಗಿವೆ. ಇವುಗಳಲ್ಲಿ ಹೆಚ್ಚಿನವು ವಾಹನ ಹೋಗಲಾಗದ ಸ್ಥಳಗಳಲ್ಲಿ ನಡೆಯುವುದರಿಂದ, ವಾಹನವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಪ್ರವಾಸದ ಯೋಜನೆಯಲ್ಲಿ ಮಾರ್ಗದಷ್ಟೇ ಮುಖ್ಯವಾದ ವಿಷಯವಾಗಿದೆ.

## ವಸತಿ ವಾಹನಗಳು

ಹಾಸಿಗೆ, ಅಡುಗೆಯ ಸ್ಥಳ, ನೀರಿನ ತೊಟ್ಟಿ ಮತ್ತು ಸಾಮಾನ್ಯವಾಗಿ ಶೌಚಾಲಯವನ್ನು ಒಳಗೊಂಡ ವಾಹನವನ್ನು ವಸತಿ ವಾಹನ ಎನ್ನುತ್ತಾರೆ. ಭಾರತದಲ್ಲಿ ಇಂತಹ ವಾಹನಕ್ಕೆ ಕಾರವಾನ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 1910ರಲ್ಲಿ ಪ್ರದರ್ಶಿಸಲಾದ ಪಿಯರ್ಸ್-ಆ್ಯರೋ ಕಂಪನಿಯ ಟೂರಿಂಗ್ ಲ್ಯಾಂಡೋ ಈ ಬಗೆಯ ಆರಂಭಿಕ ವಾಹನಗಳಲ್ಲಿ ಒಂದು. 1956ರ ಕಾಯಿದೆಯ ನಂತರ ಅಂತರರಾಜ್ಯ ಹೆದ್ದಾರಿಗಳ ಜಾಲ ಬೆಳೆದಂತೆ ಇವುಗಳ ಬಳಕೆಯೂ ಹೆಚ್ಚಿತು. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಇಂದು ಈ ಉದ್ಯಮದ ಪ್ರಮುಖ ಕೇಂದ್ರವಾಗಿದೆ.

ಎಂಜಿನ್ ಸಹಿತ ವಸತಿ ವಾಹನಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಎ ವರ್ಗದವು ಬಸ್ಸಿನ ಗಾತ್ರದವು. ಬಿ ವರ್ಗದವು ವ್ಯಾನ್ ಆಧಾರಿತ ಚಿಕ್ಕ ವಾಹನಗಳು. ಸಿ ವರ್ಗದವು ಟ್ರಕ್ಕಿನ ಚಾಸಿಯ ಮೇಲೆ ನಿರ್ಮಿತವಾದವು, ಇವುಗಳಲ್ಲಿ ಚಾಲಕನ ಆಸನದ ಮೇಲ್ಭಾಗದಲ್ಲಿ ಮಲಗುವ ಸ್ಥಳವಿರುತ್ತದೆ. ಬೇರೊಂದು ವಾಹನದಿಂದ ಎಳೆದೊಯ್ಯುವ ಟ್ರೇಲರ್‌ಗಳೂ ಬಳಕೆಯಲ್ಲಿವೆ. ಸಾಮಾನ್ಯ ಮೋಟಾರ್‌ಹೋಮಿನಲ್ಲಿ ಶುದ್ಧ ನೀರು, ಸ್ನಾನ ಮತ್ತು ಪಾತ್ರೆ ತೊಳೆದ ನೀರು, ಶೌಚಾಲಯದ ತ್ಯಾಜ್ಯ ಇವುಗಳಿಗೆ ಮೂರು ಪ್ರತ್ಯೇಕ ತೊಟ್ಟಿಗಳಿರುತ್ತವೆ. ಕೊನೆಯ ಎರಡನ್ನು ನಿಗದಿತ ವಿಲೇವಾರಿ ಕೇಂದ್ರಗಳಲ್ಲಿ ಮಾತ್ರ ಖಾಲಿ ಮಾಡಬೇಕು.

## ಭೂರಚನೆ

ಐದೂ ಉದ್ಯಾನಗಳು ಕೊಲರಾಡೊ ಪ್ರಸ್ಥಭೂಮಿಯಲ್ಲಿವೆ. ಒಂದರ ಮೇಲೊಂದು ಸಂಚಯಗೊಂಡ ಶಿಲಾಪದರಗಳು ಮೇಲೆದ್ದು, ನದಿ, ಮಳೆ ಮತ್ತು ಹಿಮದಿಂದ ಸವೆದು ಇಲ್ಲಿನ ಕಮರಿಗಳೂ ಕಮಾನುಗಳೂ ರೂಪುಗೊಂಡಿವೆ. ಬ್ರೈಸ್ ಕ್ಯಾನ್ಯನ್‌ನಿಂದ ದಕ್ಷಿಣಕ್ಕೆ, ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ವರೆಗೆ ಈ ಪದರಗಳು ಮೆಟ್ಟಿಲುಗಳಂತೆ ಇಳಿಯುವುದರಿಂದ ಈ ಪ್ರದೇಶಕ್ಕೆ ಗ್ರ್ಯಾಂಡ್ ಸ್ಟೇರ್‌ಕೇಸ್ ಎಂಬ ಹೆಸರಿದೆ. ಬ್ರೈಸ್‌ನ ತಳದಲ್ಲಿರುವ ಪದರ ಝಯಾನ್‌ನಲ್ಲಿ ಮೇಲಿನ ಪದರವಾಗಿ ಕಾಣಿಸಿಕೊಳ್ಳುತ್ತದೆ. ಝಯಾನ್‌ನ ತಳದ ಪದರ ಗ್ರ್ಯಾಂಡ್ ಕ್ಯಾನ್ಯನ್‌ನ ಮೇಲಂಚಾಗಿದೆ.

## ಮಾರ್ಗ

ಪಶ್ಚಿಮದಿಂದ ಬರುವ ಪ್ರವಾಸಿಗರು ಸಾಮಾನ್ಯವಾಗಿ ನೆವಾಡಾದ ಲಾಸ್ ವೇಗಸ್‌ನಿಂದ ಹೊರಟು ಸುಮಾರು 260 ಕಿ.ಮೀ. ದೂರದ ಝಯಾನ್‌ನಿಂದ ಪ್ರವಾಸ ಆರಂಭಿಸುತ್ತಾರೆ. ಉತ್ತರದಿಂದ ಬರುವವರು ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 375 ಕಿ.ಮೀ. ದೂರದ ಮೋಆಬ್ ಪಟ್ಟಣಕ್ಕೆ ಬಂದು ವಿರುದ್ಧ ದಿಕ್ಕಿನಲ್ಲಿ ಸಾಗುತ್ತಾರೆ. ಮುಂದಿನ ವಿವರಣೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಕ್ರಮದಲ್ಲಿದೆ.

### ಝಯಾನ್

1909ರಲ್ಲಿ ಮುಕುಂಟುವೀಪ್ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಸ್ಮಾರಕವಾಗಿದ್ದ ಈ ಪ್ರದೇಶ 1919ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವರ್ಜಿನ್ ನದಿಯು ಮರಳುಗಲ್ಲನ್ನು ಕೊರೆದು ನಿರ್ಮಿಸಿದ ಆಳವಾದ ಕಣಿವೆ ಇಲ್ಲಿನ ಮುಖ್ಯ ಆಕರ್ಷಣೆ. ಕಣಿವೆಯ ರಸ್ತೆಯಲ್ಲಿ ವಾಹನ ದಟ್ಟಣೆ ಮಿತಿಮೀರಿದ ಕಾರಣ 2000ದಿಂದ ಶಟಲ್ ಬಸ್ಸುಗಳ ವ್ಯವಸ್ಥೆ ಜಾರಿಯಲ್ಲಿದ್ದು, ವರ್ಷದ ಬಹುಪಾಲು ಖಾಸಗಿ ವಾಹನಗಳಿಗೆ ಆ ರಸ್ತೆಯಲ್ಲಿ ಪ್ರವೇಶವಿಲ್ಲ. ಮೋಟಾರ್‌ಹೋಮಿನಲ್ಲಿ ಬಂದವರು ವಾಹನವನ್ನು ಶಿಬಿರ ತಾಣದಲ್ಲಿಯೋ ಸ್ಪ್ರಿಂಗ್‌ಡೇಲ್ ಪಟ್ಟಣದಲ್ಲಿಯೋ ನಿಲ್ಲಿಸಿ ಬಸ್ಸಿನಲ್ಲಿ ಹೋಗುತ್ತಾರೆ.

ನದಿಯ ನೀರಿನಲ್ಲೇ ನಡೆಯುವ ನ್ಯಾರೋಸ್ ಮತ್ತು ಕಡಿದಾದ ಬಂಡೆಯ ಏಣನ್ನು ಸರಪಳಿ ಹಿಡಿದು ಏರುವ ಏಂಜಲ್ಸ್ ಲ್ಯಾಂಡಿಂಗ್ ಇಲ್ಲಿನ ಪ್ರಸಿದ್ಧ ಚಾರಣಗಳು. ಏಂಜಲ್ಸ್ ಲ್ಯಾಂಡಿಂಗ್‌ನಿಂದ ಬಿದ್ದು ಹಲವರು ಮೃತಪಟ್ಟಿದ್ದಾರೆ. ಜನದಟ್ಟಣೆಯನ್ನು ತಗ್ಗಿಸಲು 2022ರ ಏಪ್ರಿಲ್‌ನಿಂದ ಈ ಚಾರಣಕ್ಕೆ ಅನುಮತಿ ಪತ್ರವನ್ನು ಕಡ್ಡಾಯಗೊಳಿಸಲಾಗಿದೆ.

ಝಯಾನ್‌ನಿಂದ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ 1930ರಲ್ಲಿ ಪೂರ್ಣಗೊಂಡ ಸುಮಾರು 1.8 ಕಿ.ಮೀ. ಉದ್ದದ ಸುರಂಗವಿದೆ. ಅಂದಿನ ಕಾರುಗಳ ಗಾತ್ರಕ್ಕೆ ತಕ್ಕಂತೆ ಕೊರೆದ ಈ ಸುರಂಗದಲ್ಲಿ ಎತ್ತರದ ವಾಹನಗಳು ಗೋಡೆಗೆ ತಾಗದಂತೆ ಸಾಗಲು ರಸ್ತೆಯ ಮಧ್ಯದಲ್ಲೇ ಚಲಿಸಬೇಕಾಗುತ್ತದೆ. ಆದ್ದರಿಂದ ದೀರ್ಘಕಾಲ, ಎದುರಿನ ಸಂಚಾರವನ್ನು ತಡೆದು, ಹೆಚ್ಚುವರಿ ಶುಲ್ಕ ಪಡೆದು ದೊಡ್ಡ ವಾಹನಗಳನ್ನು ದಾಟಿಸಲಾಗುತ್ತಿತ್ತು. 2026ರ ಮಧ್ಯಭಾಗದಿಂದ ಇಂತಹ ವಾಹನಗಳನ್ನು ಈ ರಸ್ತೆಯಿಂದ ಹೊರಗಿಡುವ ನಿರ್ಧಾರವನ್ನು ಉದ್ಯಾನವು ಪ್ರಕಟಿಸಿತು. ದೊಡ್ಡ ಮೋಟಾರ್‌ಹೋಮ್‌ಗಳಿಗೆ ಹರಿಕೇನ್ ಪಟ್ಟಣದ ಮೂಲಕ ಅರಿಜೋನಾದ ಉತ್ತರ ಅಂಚನ್ನು ಬಳಸಿ ಕನಾಬ್ ತಲುಪುವ ದಾರಿ ಒಂದು ಪರ್ಯಾಯವಾಗಿದೆ.

### ಬ್ರೈಸ್ ಕ್ಯಾನ್ಯನ್

ಸುರಂಗದ ಮಾರ್ಗವಾಗಿ ಝಯಾನ್‌ನಿಂದ ಸುಮಾರು 135 ಕಿ.ಮೀ. ದೂರದಲ್ಲಿರುವ ಬ್ರೈಸ್ ಕ್ಯಾನ್ಯನ್ 1923ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ, 1928ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕ್ಯಾನ್ಯನ್ ಎಂಬ ಹೆಸರಿದ್ದರೂ ಇದು ನದಿ ಕೊರೆದ ಕಮರಿಯಲ್ಲ. ಪ್ರಸ್ಥಭೂಮಿಯ ಅಂಚು ಸವೆದು ಉಂಟಾದ ಬಯಲು ರಂಗಮಂದಿರದಂತಹ ತಗ್ಗುಗಳ ಸಾಲು. ಇಲ್ಲಿ ಹೂಡೂ ಎಂದು ಕರೆಯಲಾಗುವ ಸಾವಿರಾರು ಕಲ್ಲಿನ ಕಂಬಗಳಿವೆ. ವರ್ಷಕ್ಕೆ ಸುಮಾರು 200 ದಿನ ಹಗಲು ಕರಗಿದ ನೀರು ರಾತ್ರಿ ಬಿರುಕುಗಳಲ್ಲಿ ಹೆಪ್ಪುಗಟ್ಟಿ ಹಿಗ್ಗುವುದರಿಂದ ಬಂಡೆ ಒಡೆದು ಇವು ರೂಪುಗೊಳ್ಳುತ್ತವೆ. ದಕ್ಷಿಣ ಪಾಯೂಟ್ ಜನರ ಐತಿಹ್ಯವೊಂದರಲ್ಲಿ ಈ ಕಂಬಗಳು ಶಿಲೆಯಾಗಿ ಮಾರ್ಪಟ್ಟ ಪ್ರಾಚೀನ ಜನರೆಂದು ಹೇಳಲಾಗಿದೆ. ಕ್ವೀನ್ಸ್ ಗಾರ್ಡನ್ ಮತ್ತು ನವಾಹೊ ಲೂಪ್ ದಾರಿಗಳ ಮೂಲಕ ಕಂಬಗಳ ನಡುವೆ ಇಳಿದು ನಡೆಯಬಹುದು. ಅಂಚಿನ ಎತ್ತರ 2,400ರಿಂದ 2,700 ಮೀಟರ್‌ಗಳಷ್ಟಿರುವ ಕಾರಣ ರಾತ್ರಿಗಳು ತಂಪಾಗಿರುತ್ತವೆ. ಚಳಿಗಾಲದಲ್ಲಿ ಮೋಟಾರ್‌ಹೋಮಿನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುವ ಸಂಭವವಿದೆ.

### 12ನೇ ಸಂಖ್ಯೆಯ ಹೆದ್ದಾರಿ ಮತ್ತು ಕ್ಯಾಪಿಟಲ್ ರೀಫ್

ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ಗೆ ಹೋಗುವ ರಾಜ್ಯ ಹೆದ್ದಾರಿ 12 ಸುಮಾರು 198 ಕಿ.ಮೀ. ಉದ್ದವಿದ್ದು, 2002ರಲ್ಲಿ ಆಲ್-ಅಮೆರಿಕನ್ ರೋಡ್ ಎಂಬ ಮಾನ್ಯತೆ ಪಡೆಯಿತು. ಎಸ್ಕಲಾಂಟೆ ಮತ್ತು ಬೌಲ್ಡರ್ ಪಟ್ಟಣಗಳ ನಡುವಿನ ಹಾಗ್ಸ್‌ಬ್ಯಾಕ್ ಎಂಬ ಭಾಗದಲ್ಲಿ ರಸ್ತೆ ಇಕ್ಕಟ್ಟಾದ ಏಣಿನ ಮೇಲೆ ಸಾಗುತ್ತದೆ. ಎರಡೂ ಬದಿಗಳಲ್ಲಿ ಆಳವಾದ ಪ್ರಪಾತವಿದೆ. ಬೌಲ್ಡರ್ ಪರ್ವತದ ಭಾಗಕ್ಕೆ ಡಾಂಬರು ಬಿದ್ದದ್ದು 1985ರಲ್ಲಿ. ದಾರಿಯಲ್ಲಿ ಸಿಗುವ ಲೋವರ್ ಕಾಫ್ ಕ್ರೀಕ್ ಜಲಪಾತ ಸುಮಾರು 38 ಮೀಟರ್ ಎತ್ತರದ್ದಾಗಿದ್ದು, ಹೋಗಿಬರಲು ಸುಮಾರು 10 ಕಿ.ಮೀ. ನಡೆಯಬೇಕು.

1971ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ಯಾಪಿಟಲ್ ರೀಫ್, ವಾಟರ್‌ಪಾಕೆಟ್ ಫೋಲ್ಡ್ ಎಂಬ ಸುಮಾರು 160 ಕಿ.ಮೀ. ಉದ್ದದ ಶಿಲಾ ಮಡಿಕೆಯನ್ನು ಒಳಗೊಂಡಿದೆ. ಫ್ರೀಮಾಂಟ್ ಸಂಸ್ಕೃತಿಯ ಜನರು ಕೊರೆದ ಬಂಡೆಚಿತ್ರಗಳನ್ನು ಹೆದ್ದಾರಿ 24ರ ಬದಿಯಲ್ಲೇ ಕಾಣಬಹುದು. 1880ರ ದಶಕದಲ್ಲಿ ಮಾರ್ಮನ್ ವಲಸಿಗರು ನೆಲೆಸಿದ ಫ್ರೂಟಾ ಎಂಬ ಹಳ್ಳಿಯ ಹಣ್ಣಿನ ತೋಟಗಳನ್ನು ಉದ್ಯಾನವೇ ನಿರ್ವಹಿಸುತ್ತಿದ್ದು, ಫಸಲಿನ ಕಾಲದಲ್ಲಿ ಪ್ರವಾಸಿಗರು ಸೇಬು, ಪೀಚ್ ಮೊದಲಾದ ಹಣ್ಣುಗಳನ್ನು ಕೊಯ್ದುಕೊಳ್ಳಬಹುದು. ಇಲ್ಲಿನ ಶಿಬಿರ ತಾಣ ಈ ತೋಟಗಳ ನಡುವೆಯೇ ಇದೆ.

### ಆರ್ಚಸ್

ಕ್ಯಾಪಿಟಲ್ ರೀಫ್‌ನಿಂದ ಮೋಆಬ್ ಪಟ್ಟಣಕ್ಕೆ ಸುಮಾರು 235 ಕಿ.ಮೀ. ದೂರ. ಅಲ್ಲಿಂದ ಸುಮಾರು 8 ಕಿ.ಮೀ. ದೂರದಲ್ಲಿ ಆರ್ಚಸ್ ಉದ್ಯಾನದ ಪ್ರವೇಶದ್ವಾರವಿದೆ. 1929ರಲ್ಲಿ ಸ್ಮಾರಕವಾಗಿ, 1971ರಲ್ಲಿ ಉದ್ಯಾನವಾದ ಈ ಪ್ರದೇಶದಲ್ಲಿ 2,000ಕ್ಕೂ ಹೆಚ್ಚು ನೈಸರ್ಗಿಕ ಶಿಲಾ ಕಮಾನುಗಳಿವೆ. ಸುಮಾರು 16 ಮೀಟರ್ ಎತ್ತರದ ಡೆಲಿಕೇಟ್ ಆರ್ಚ್ ತಲುಪಿ ಮರಳಲು ನೆರಳಿಲ್ಲದ ಬಂಡೆಯ ಮೇಲೆ ಸುಮಾರು 4.8 ಕಿ.ಮೀ. ನಡೆಯಬೇಕು. ಸುಮಾರು 88 ಮೀಟರ್ ಅಗಲದ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ ದೊಡ್ಡ ಬಂಡೆ ಕಳಚಿ ಬಿದ್ದಿತು. 2008ರಲ್ಲಿ ವಾಲ್ ಆರ್ಚ್ ಪೂರ್ಣವಾಗಿ ಕುಸಿಯಿತು.

ಮೋಆಬ್ ಸುತ್ತಮುತ್ತ ಬೆಟ್ಟದ ಸೈಕಲ್ ಸವಾರಿಯೂ ಕೊಲರಾಡೊ ನದಿಯಲ್ಲಿ ರಾಫ್ಟಿಂಗ್ ಕೂಡ ಪ್ರಮುಖ ಚಟುವಟಿಕೆಗಳು. 1969ರಲ್ಲಿ ಮೋಟಾರ್‌ಸೈಕಲ್‌ಗಳಿಗಾಗಿ ಗುರುತು ಹಾಕಲಾದ ಸ್ಲಿಕ್‌ರಾಕ್ ದಾರಿ ಮುಂದೆ ಸೈಕಲ್ ಸವಾರರಲ್ಲಿ ಪ್ರಸಿದ್ಧವಾಯಿತು.

### ಕ್ಯಾನ್ಯನ್‌ಲ್ಯಾಂಡ್ಸ್

1964ರಲ್ಲಿ ಸ್ಥಾಪಿತವಾದ ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನವನ್ನು ಗ್ರೀನ್ ಮತ್ತು ಕೊಲರಾಡೊ ನದಿಗಳು ವಿಭಜಿಸುತ್ತವೆ. ಐಲ್ಯಾಂಡ್ ಇನ್ ದ ಸ್ಕೈ ಮತ್ತು ನೀಡಲ್ಸ್ ವಿಭಾಗಗಳಿಗೆ ಡಾಂಬರು ರಸ್ತೆಯಿದೆ. ಎರಡೂ ಒಂದೇ ಉದ್ಯಾನದ ಭಾಗಗಳಾದರೂ ನದಿಗಳನ್ನು ದಾಟಿ ಇವುಗಳನ್ನು ಜೋಡಿಸುವ ರಸ್ತೆ ಉದ್ಯಾನದೊಳಗೆ ಇಲ್ಲ. ಮೋಆಬ್‌ನಿಂದ ಮೊದಲನೆಯದಕ್ಕೆ ಸುಮಾರು 50 ಕಿ.ಮೀ., ಎರಡನೆಯದಕ್ಕೆ ಸುಮಾರು 120 ಕಿ.ಮೀ. ಪ್ರತ್ಯೇಕವಾಗಿ ಹೋಗಬೇಕು. ಮೇಜ್ ಎಂಬ ಮೂರನೆಯ ವಿಭಾಗಕ್ಕೆ ಮೋಟಾರ್‌ಹೋಮ್ ಹೋಗಲಾರದು. ಸುಮಾರು 160 ಕಿ.ಮೀ. ಉದ್ದದ ವೈಟ್ ರಿಮ್ ರಸ್ತೆಯನ್ನು ನಾಲ್ಕು ಚಕ್ರ ಚಾಲನೆಯ ಎತ್ತರದ ವಾಹನದಲ್ಲಿ ಅಥವಾ ಸೈಕಲ್ಲಿನಲ್ಲಿ ಮಾತ್ರ, ಅನುಮತಿ ಪಡೆದು ಕ್ರಮಿಸಬಹುದು. ಜಾನ್ ವೆಸ್ಲಿ ಪೊವೆಲ್ ನೇತೃತ್ವದ ತಂಡ 1869ರಲ್ಲಿ ದೋಣಿಗಳಲ್ಲಿ ಹಾದುಹೋದ ಕ್ಯಾಟರ್ಯಾಕ್ಟ್ ಕ್ಯಾನ್ಯನ್ ಇಂದು ಅನುಭವಿಗಳ ರಾಫ್ಟಿಂಗ್ ತಾಣವಾಗಿದೆ.

## ಶಿಬಿರ ವ್ಯವಸ್ಥೆ

ಉದ್ಯಾನಗಳೊಳಗಿನ ಶಿಬಿರ ತಾಣಗಳು ಸೀಮಿತವಾಗಿವೆ. ಆರ್ಚಸ್‌ನ ಡೆವಿಲ್ಸ್ ಗಾರ್ಡನ್‌ನಲ್ಲಿ ಸುಮಾರು 50 ಸ್ಥಳಗಳಿದ್ದರೆ, ಐಲ್ಯಾಂಡ್ ಇನ್ ದ ಸ್ಕೈ ವಿಭಾಗದಲ್ಲಿ 12 ಮಾತ್ರ ಇವೆ. ಹೆಚ್ಚಿನವುಗಳಲ್ಲಿ ವಾಹನಕ್ಕೆ ವಿದ್ಯುತ್, ನೀರು ಮತ್ತು ಚರಂಡಿಯ ಸಂಪರ್ಕವಿಲ್ಲ; ಝಯಾನ್‌ನ ವಾಚ್‌ಮನ್ ತಾಣದ ಕೆಲವು ಸ್ಥಳಗಳಲ್ಲಿ ವಿದ್ಯುತ್ ಲಭ್ಯವಿದೆ. ವಾಹನದ ಉದ್ದಕ್ಕೂ ಮಿತಿಯಿರುವುದರಿಂದ ಚಿಕ್ಕ ವಾಹನಗಳಿಗೆ ಸ್ಥಳ ಸಿಗುವ ಸಾಧ್ಯತೆ ಹೆಚ್ಚು. ಪೂರ್ಣ ಸೌಲಭ್ಯವುಳ್ಳ ಖಾಸಗಿ ತಾಣಗಳು ಸಮೀಪದ ಪಟ್ಟಣಗಳಲ್ಲಿವೆ. ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯ ಅಧೀನದ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನಗಳವರೆಗೆ ತಂಗಲು ಅವಕಾಶವಿದ್ದು, ಮೋಆಬ್ ಸುತ್ತಲಿನ ಪ್ರದೇಶಗಳಲ್ಲಿ ಇದಕ್ಕೆ ಹೆಚ್ಚಿನ ನಿರ್ಬಂಧಗಳಿವೆ.

## ಅಪಾಯಗಳು

ಮರುಭೂಮಿಯಾದರೂ ಇಲ್ಲಿ ನೀರೇ ದೊಡ್ಡ ಅಪಾಯಗಳಲ್ಲಿ ಒಂದು. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಹರಿದು ಇಕ್ಕಟ್ಟಾದ ಕಮರಿಗಳನ್ನು ಕ್ಷಣಗಳಲ್ಲಿ ತುಂಬುತ್ತದೆ. ಮಳೆ ಬಹುದೂರದಲ್ಲಿ ಬಿದ್ದಿದ್ದರೆ ಕಮರಿಯಲ್ಲಿರುವವರಿಗೆ ಆಕಾಶ ತಿಳಿಯಾಗಿಯೇ ಕಾಣಬಹುದು. 2015ರ ಸೆಪ್ಟೆಂಬರ್ 14ರಂದು ಝಯಾನ್‌ನ ಕೀಹೋಲ್ ಕಮರಿಯಲ್ಲಿ ಹಠಾತ್ ಪ್ರವಾಹಕ್ಕೆ ಸಿಲುಕಿ ಏಳು ಮಂದಿ ಮೃತಪಟ್ಟರು. 2022ರ ಜೂನ್‌ನಲ್ಲಿ ಕ್ಯಾಪಿಟಲ್ ರೀಫ್‌ನಲ್ಲಿ ಪ್ರವಾಹವು ಪ್ರವಾಸಿಗರ ವಾಹನಗಳನ್ನು ಕೊಚ್ಚಿಕೊಂಡು ಹೋಯಿತು. ಬೇಸಿಗೆಯ ಅಂತ್ಯದ ಗುಡುಗು ಮಳೆಯ ತಿಂಗಳುಗಳಲ್ಲಿ ಈ ಅಪಾಯ ಹೆಚ್ಚು.

ನೀರಿನ ಕೊರತೆಯೂ ಅಷ್ಟೇ ಮಾರಕ. ಝಯಾನ್ ಮತ್ತು ಮೋಆಬ್‌ಗಳಲ್ಲಿ ಬೇಸಿಗೆಯ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. 2024ರ ಜುಲೈನಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲಿ ದಾರಿ ತಪ್ಪಿದ ತಂದೆ ಮತ್ತು ಮಗಳು ನೀರು ಮುಗಿದು, ರಕ್ಷಣಾ ತಂಡ ತಲುಪುವ ಮೊದಲೇ ಮೃತಪಟ್ಟರು. ಪ್ರತಿ ವ್ಯಕ್ತಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು ಒಯ್ಯುವಂತೆ ಉದ್ಯಾನಗಳು ಸೂಚಿಸುತ್ತವೆ. ವಾಹನದ ತೊಟ್ಟಿಯಲ್ಲಿ ಎಷ್ಟೇ ನೀರಿದ್ದರೂ ಚಾರಣದ ದಾರಿಯಲ್ಲಿ ಬೆನ್ನ ಮೇಲೆ ಹೊತ್ತ ನೀರು ಮಾತ್ರ ಉಪಯೋಗಕ್ಕೆ ಬರುತ್ತದೆ. ಅನೇಕ ಕಡೆ ಮೊಬೈಲ್ ಸಂಪರ್ಕವಿಲ್ಲ. ಈ ಕಾರಣಗಳಿಂದ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಪ್ರವಾಸಕ್ಕೆ ಸೂಕ್ತ ಕಾಲವೆನಿಸಿದೆ.

## ಪರಿಸರ ಮತ್ತು ವಿವಾದ

ಈ ಪ್ರದೇಶದ ಮಣ್ಣಿನ ಮೇಲೆ ಸೈನೊಬ್ಯಾಕ್ಟೀರಿಯಾ, ಕಲ್ಲುಹೂವು ಮತ್ತು ಪಾಚಿಗಳಿಂದಾದ ಜೀವಂತ ಪದರವಿದೆ. ಮಣ್ಣನ್ನು ಹಿಡಿದಿಟ್ಟು ತೇವವನ್ನು ಉಳಿಸುವ ಈ ಪದರ ಒಂದು ಹೆಜ್ಜೆಯಿಂದಲೂ ಹಾಳಾಗುತ್ತದೆ. ಮತ್ತೆ ಬೆಳೆಯಲು ದಶಕಗಳು ಬೇಕು. ಆದ್ದರಿಂದ ಗುರುತಿಸಿದ ದಾರಿ ಅಥವಾ ಬಂಡೆಯ ಮೇಲೆ ಮಾತ್ರ ನಡೆಯುವಂತೆ ಸೂಚಿಸಲಾಗುತ್ತದೆ. ಐದೂ ಉದ್ಯಾನಗಳು ಕೃತಕ ಬೆಳಕಿನ ಮಾಲಿನ್ಯ ಕಡಿಮೆಯಿರುವ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನಗಳೆಂಬ ಮಾನ್ಯತೆ ಪಡೆದಿದ್ದು, 2021ರಲ್ಲಿ ಝಯಾನ್ ಈ ಪಟ್ಟಿಗೆ ಸೇರಿತು.

ವಾಹನಗಳಲ್ಲಿ ಬರುವ ಪ್ರವಾಸಿಗರ ಸಂಖ್ಯೆಯ ಬಗ್ಗೆ ಬಹುಕಾಲದಿಂದ ಚರ್ಚೆ ನಡೆದಿದೆ. ಲೇಖಕ ಎಡ್ವರ್ಡ್ ಆ್ಯಬಿ 1950ರ ದಶಕದಲ್ಲಿ ಆರ್ಚಸ್‌ನಲ್ಲಿ ಋತುಮಾನದ ರೇಂಜರ್ ಆಗಿದ್ದು, ಅಲ್ಲಿ ಟ್ರೇಲರ್ ಒಂದರಲ್ಲಿ ವಾಸಿಸುತ್ತಿದ್ದನು. 1968ರಲ್ಲಿ ಪ್ರಕಟವಾದ ಡೆಸರ್ಟ್ ಸಾಲಿಟೇರ್ ಕೃತಿಯಲ್ಲಿ ಅವನು ಮೋಟಾರು ಪ್ರವಾಸೋದ್ಯಮವನ್ನು ಟೀಕಿಸಿ, ರಾಷ್ಟ್ರೀಯ ಉದ್ಯಾನಗಳಿಂದ ಖಾಸಗಿ ವಾಹನಗಳನ್ನು ಹೊರಗಿಡಬೇಕೆಂದು ವಾದಿಸಿದನು. ದೂರ ನಡೆಯಲಾಗದ ವೃದ್ಧರಿಗೆ, ಅಂಗವಿಕಲರಿಗೆ ಮತ್ತು ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ರಸ್ತೆಯೇ ಈ ಭೂದೃಶ್ಯವನ್ನು ಕಾಣಲು ಇರುವ ಮಾರ್ಗ ಎಂಬುದು ಇದಕ್ಕೆ ಎದುರಾದ ವಾದ. ವಾಹನಗಳನ್ನು ಸಂಪೂರ್ಣವಾಗಿ ನಿಷೇಧಿಸದೆ ಅವುಗಳ ಸಂಚಾರಕ್ಕೆ ಮಿತಿ ಹಾಕುವ ಕ್ರಮಗಳನ್ನು ಉದ್ಯಾನಗಳು ಕೈಗೊಂಡಿವೆ. ಝಯಾನ್‌ನ ಶಟಲ್ ಬಸ್ಸುಗಳು ಮತ್ತು 2022ರಲ್ಲಿ ಆರ್ಚಸ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಮುಂಗಡ ಸಮಯ ನಿಗದಿಯ ಪ್ರವೇಶ ಪದ್ಧತಿ ಇದಕ್ಕೆ ಉದಾಹರಣೆಗಳಾಗಿವೆ.