ಲೂರ್ದಿನ ನೀರು

ಅಮ್ಮ ಹಾಸಿಗೆ ಹಿಡಿದಾಗ ಪಕ್ಕದ ಮನೆಯ ಕ್ರೈಸ್ತ ಟೀಚರು ಪುಟ್ಟ ಬಾಟಲಿಯಲ್ಲಿ ಲೂರ್ದ್ ಮಾತೆಯ ನೀರು ತಂದುಕೊಟ್ಟರು. “ನಂಬಿ ಕುಡಿಯಿರಿ ಅಮ್ಮ, ಮಾತ್ರೆ ಮಾತ್ರ ಬಿಡಬೇಡಿ” ಎಂದರು.

ಆ ನೀರಿನ ಕಥೆಯನ್ನು ನಾನು ಓದಿ ತಿಳಿದದ್ದು ಆಮೇಲೆ. ಲೂರ್ದ್ ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಬುಡದ ಊರು. 1858ರಲ್ಲಿ ಸೌದೆ ಆರಿಸಲು ಹೋದ 14ರ ಬಡ ಹುಡುಗಿ ಬರ್ನಡೆಟ್‌ಗೆ ಗವಿಯೊಂದರಲ್ಲಿ ಮಾತೆಯ ದರ್ಶನವಾಯಿತಂತೆ. ಹೀಗೆ 18 ಬಾರಿ. ಆಕೆ ಕೈಯಿಂದ ಕೆದಕಿದ ಕೆಸರಿನಲ್ಲಿ ಒರತೆ ಜಿನುಗಿತು. ರೋಗಿಗಳು ಹರಿದುಬಂದರು. 1883ರಲ್ಲಿ, ಗುಣವಾಯಿತೆಂದವರನ್ನು ಪರೀಕ್ಷಿಸಲು ವೈದ್ಯರ ಕಚೇರಿಯೇ ಅಲ್ಲಿ ಶುರುವಾಯಿತು. ಹಾಗೆ ಹೇಳಿಕೊಂಡವರು ಸಾವಿರಾರು. ಚರ್ಚು ಪವಾಡವೆಂದು ಒಪ್ಪಿರುವುದು 70ರ ಆಸುಪಾಸು.

ನನ್ನನ್ನು ಕಾಡಿದ್ದು ಬರ್ನಡೆಟ್. ಆಕೆಗೇ ಉಬ್ಬಸ. 1866ರಲ್ಲಿ ನೆವೆರ್‌ನ ಕಾನ್ವೆಂಟು ಸೇರಿ ರೋಗಿಗಳ ಸೇವೆ ಮಾಡಿದಳು, ಮತ್ತೆ ಲೂರ್ದಿಗೆ ಹೋಗಲೇ ಇಲ್ಲ. ಕ್ಷಯದಿಂದ ನರಳಿ 1879ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡಳು. ತನಗೆ ಸಿಗದ ಆರೋಗ್ಯವನ್ನು ಲೋಕಕ್ಕೆ ತೋರಿಸಿಕೊಟ್ಟವಳು!

ಅಮ್ಮ ಉಳಿಯಲಿಲ್ಲ. ಟೀಚರು ಮಾತ್ರ ಕೊನೆಯ ದಿನದವರೆಗೂ ಸಂಜೆ ಬಂದು, ಜಪಮಣಿ ಪಕ್ಕಕ್ಕಿಟ್ಟು, ಅಮ್ಮನ ಕಾಲು ಒತ್ತುತ್ತಿದ್ದರು. ಆಗ ಅಮ್ಮನಿಗೆ ನಿದ್ದೆ ಹತ್ತುತ್ತಿತ್ತು. ಬಾಟಲಿ ಇಂದಿಗೂ ನಮ್ಮ ದೇವರ ಗೂಡಿನಲ್ಲಿದೆ. ಕಂಡಾಗಲೆಲ್ಲ ನೆನಪಾಗುವುದು ಆ ಕೈಗಳು.